ಮೂಳೆ ಕೂಡೋವರೆಗೆ

ನಾನು ಬಿದ್ದಿದ್ದು ಕುಮಾರಪರ್ವತ ಹತ್ತುವಾಗ ಅಲ್ಲ, ಮ್ಯಾರಥಾನ್ ಓಡುವಾಗಲೂ ಅಲ್ಲ. ಹಾಗೆ ಹೇಳಿಕೊಳ್ಳೋಕಾಗಿದ್ರೆ ಸ್ವಲ್ಪ ಮರ್ಯಾದೆ ಉಳೀತಿತ್ತು. ಎರಡನೇ ಮಹಡಿಯ ಮೆಟ್ಟಿಲು, ಆಗಷ್ಟೇ ಒರೆಸಿದ ನೆಲ, ಕೈಯಲ್ಲಿ ಎರಡು ಚೈನು, ಚೈನಿನ ಆ ತುದಿಯಲ್ಲಿ ಎರಡು ನಾಯಿ, ಎದುರಿಗೊಂದು ಬೆಕ್ಕು. ಇಷ್ಟು ಸಾಕಾಯ್ತು. ಎಡಗಾಲಿನ ಗಿಣ್ಣಿನ ಹತ್ತಿರ ಎರಡು ಕಡೆ ಮುರಿತ. ಒಂದು ಪ್ಲೇಟು, ಏಳು ಸ್ಕ್ರೂ, ಜೊತೆಗೆ "ಆರು ವಾರ ಆ ಕಾಲು ನೆಲಕ್ಕೆ ಊರೋ ಹಾಗಿಲ್ಲ" ಅನ್ನೋ ಆರ್ಡರು.

ನಾಯಿಗಳ ಪರಿಚಯ ಮಾಡಿಸಿಬಿಡ್ತೀನಿ. ಗುಂಡ, ಒಂಬತ್ತು ವರ್ಷದ ಲ್ಯಾಬ್ರಡಾರ್, ನಿಜಕ್ಕೂ ಅಣ್ಣನದು. ಅಣ್ಣ ಪ್ರಾಜೆಕ್ಟ್ ಅಂತ ಜರ್ಮನಿಗೆ ಹೋದಾಗ ನನ್ನ ಪಾಲಿಗೆ ಬಂದ. ರಾಣಿ ನಮ್ಮ ಬೀದಿಯವಳೇ. ಮೂರು ವರ್ಷದ ಹಿಂದೆ ಒಂದು ಮಳೆಗಾಲದ ರಾತ್ರಿ ಪಾರ್ಕಿಂಗಿಗೆ ಬಂದವಳು ವಾಪಸ್ ಹೋಗಲಿಲ್ಲ. ಹಿಂದಿನ ಬಲಗಾಲು ಸೊಟ್ಟ. ನಡೆಯುವಾಗ ನಾಲ್ಕೂ ಕಾಲು, ಓಡುವಾಗ ಮೂರೇ.

ಆಪರೇಷನ್ ಆಗಿ ಮನೆಗೆ ಬಂದ ಮೊದಲ ವಾರ ನನ್ನ ಫೋನಿಗೆ ಒಂದೇ ಫಾರ್ವರ್ಡು ನಾಲ್ಕು ಜನರಿಂದ ಬಂತು. ನೀವೂ ನೋಡಿರ್ತೀರಿ. ಮಾರ್ಗರೆಟ್ ಮೀಡ್ ಅನ್ನೋ ಪ್ರಸಿದ್ಧ ಮಾನವಶಾಸ್ತ್ರಜ್ಞೆಯನ್ನ ಒಬ್ಬ ವಿದ್ಯಾರ್ಥಿ ಕೇಳ್ತಾನೆ, ನಾಗರಿಕತೆಯ ಮೊದಲ ಗುರುತು ಯಾವುದು ಅಂತ. ಮಡಕೆ, ಗಾಳ, ಬೀಸುವ ಕಲ್ಲು ಇಂಥದ್ದೇನೋ ಹೇಳ್ತಾರೆ ಅಂತ ಅವನು ಕಾಯ್ತಾ ಇದ್ರೆ, ಆಕೆ "ಮುರಿದು ಮತ್ತೆ ಕೂಡಿದ ತೊಡೆ ಮೂಳೆ" ಅಂತಾರೆ. ಕಾಡಲ್ಲಿ ಕಾಲು ಮುರಿದ ಪ್ರಾಣಿ ಉಳಿಯಲ್ಲ. ನೀರಿಗೆ ಹೋಗೋಕಾಗಲ್ಲ, ಬೇಟೆಗೆ ಹೋಗೋಕಾಗಲ್ಲ, ತಾನೇ ಬೇಟೆಯಾಗುತ್ತೆ. ಮೂಳೆ ಕೂಡಿದೆ ಅಂದ್ರೆ ಯಾರೋ ಪಕ್ಕದಲ್ಲಿ ಕೂತು ಕಾಯ್ದಿದ್ದಾರೆ ಅಂತ ಅರ್ಥ. ನಾಗರಿಕತೆ ಶುರುವಾಗೋದು ಅಲ್ಲಿಂದ.

ಸೋಫಾ ಮೇಲೆ ಮೂರು ದಿಂಬಿನ ಮೇಲೆ ಕಾಲಿಟ್ಟುಕೊಂಡು, ಯಾರಾದ್ರೂ ಒಂದು ಲೋಟ ನೀರು ತಂದುಕೊಟ್ಟಾರಾ ಅಂತ ಕಾಯ್ತಾ ಇರೋರಿಗೆ ಇದಕ್ಕಿಂತ ಒಳ್ಳೆ ಕಥೆ ಇಲ್ಲ. ನಾನೂ ಆಫೀಸಿನ ಗ್ರೂಪಿಗೆ ಕಳಿಸಿದೆ. ಮೂವತ್ತು ಹೃದಯ ಬಂತು. ಸಾಯಂಕಾಲ, ಮಾಡೋಕೆ ಬೇರೇನೂ ಇಲ್ಲದೆ, ಈ ಮಾತು ಮೀಡ್ ಎಲ್ಲಿ ಹೇಳಿದ್ದಾರೆ ಅಂತ ಹುಡುಕೋಕೆ ಕೂತೆ.

ಎಲ್ಲೂ ಹೇಳಿಲ್ಲ. ಅಂದ್ರೆ, ಅವರ ಪುಸ್ತಕ, ಲೇಖನಗಳಲ್ಲಿ ಇದು ಸಿಗಲ್ಲ. ಹುಡುಕಿದವರಿಗೆ ಸಿಕ್ಕಿರೋ ಹಳೆಯ ಉಲ್ಲೇಖ 1980ರಲ್ಲಿ ಬಂದ ಒಂದು ಪುಸ್ತಕದ್ದು. ಆ ಹೊತ್ತಿಗೆ ಮೀಡ್ ತೀರಿಕೊಂಡು ಎರಡು ವರ್ಷ ಆಗಿತ್ತು. ಪುಸ್ತಕ ಬರೆದವರು ಡಾಕ್ಟರ್ ಪಾಲ್ ಬ್ರ್ಯಾಂಡ್, ಪತ್ರಕರ್ತರೊಬ್ಬರ ಜೊತೆ ಸೇರಿ. ಈ ಬ್ರ್ಯಾಂಡ್ ನಮಗೆ ತೀರಾ ದೂರದವರಲ್ಲ. ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, 1914ರಲ್ಲಿ. ಕೆಲಸ ಮಾಡಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಕುಷ್ಠರೋಗದಿಂದ ಮಡಚಿಹೋದ ಕೈ, ಹುಣ್ಣಾದ ಪಾದಗಳನ್ನ ಮತ್ತೆ ಕೆಲಸಕ್ಕೆ ಬರೋ ಹಾಗೆ ಮಾಡಿದ ಸರ್ಜನ್. ಮೀಡ್ ಅವರ ಒಂದು ಉಪನ್ಯಾಸದಲ್ಲಿ ಕೇಳಿದ್ದು ಅಂತ ಅವರು ಈ ಮಾತನ್ನ ನೆನೆಸಿಕೊಳ್ತಾರೆ. ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಕೇಳಿದ್ದೇನೋ, ನೆನಪಲ್ಲಿ ಉಳಿದಿದ್ದೇನೋ. ಆದರೆ 1960ರ ದಶಕದಲ್ಲಿ ಒಂದು ಸಂದರ್ಶನದಲ್ಲಿ ನಾಗರಿಕತೆ ಅಂದ್ರೇನು ಅನ್ನೋ ಪ್ರಶ್ನೆ ಬಂದಾಗ ಮೀಡ್ ಕೊಟ್ಟ ಉತ್ತರ ತೀರಾ ಶಾಲೆಯ ಪಾಠದಂಥದ್ದು: ದೊಡ್ಡ ನಗರಗಳು, ಕೆಲಸದ ಹಂಚಿಕೆ, ಲೆಕ್ಕಪತ್ರ ಇಡೋ ಪದ್ಧತಿ. ಮೂಳೆಯ ಸುದ್ದಿಯೇ ಇಲ್ಲ.

ತಮಾಷೆ ಅಂದ್ರೆ, ಮೀಡ್ ಅವರ ಜೀವನದಲ್ಲೇ ಕಾಲಿನ ಕಥೆ ಒಂದಿದೆ. 1931ರ ಕೊನೆಗೆ ಅವರು ಗಂಡನ ಜೊತೆ ನ್ಯೂಗಿನಿಯ ಬೆಟ್ಟದ ಒಳಗೆ ಹೊರಟರು. ಕಾಲಿನ ಗಿಣ್ಣು ಕೈಕೊಟ್ಟಿದ್ದರಿಂದ ಆ ಕಡಿದಾದ ದಾರಿಯಲ್ಲಿ ನಡೆಯೋಕಾಗದೆ ಜನ ಅವರನ್ನ ಹೊತ್ತುಕೊಂಡು ಹೋದರು. ಅರ್ಧ ದಾರಿಗೆ ಹೊರೆಯಾಳುಗಳು ಒಂದು ಹಳ್ಳಿಯಲ್ಲಿ ಸಾಮಾನು ಇಳಿಸಿ ಹೊರಟೇ ಹೋದರು. ಮುಂದೆ ಹೋಗೋಕಾಗಲ್ಲ, ಹಿಂದೆ ಬರೋಕಾಗಲ್ಲ. ತಿಂಗಳುಗಟ್ಟಲೆ ಅಲ್ಲೇ ಉಳಿದರು. ಅರಪೇಶ್ ಜನರ ಬಗ್ಗೆ ಅವರು ಬರೆದದ್ದು ಹುಟ್ಟಿದ್ದು ಹೀಗೆ. ಅವರು ಹೇಳಿದ್ರೋ ಇಲ್ವೋ ಗೊತ್ತಿಲ್ಲದ ತೊಡೆ ಮೂಳೆಯ ಮಾತು ಲೋಕಕ್ಕೆಲ್ಲ ಗೊತ್ತು. ಅವರನ್ನ ಬೆಟ್ಟ ಹತ್ತಿಸಿದವರ ಬೆನ್ನು ಯಾವ ಫಾರ್ವರ್ಡಿನಲ್ಲೂ ಬರಲ್ಲ.

ಆಮೇಲೆ ನನ್ನ ಕಣ್ಣು ರಾಣಿಯ ಮೇಲೆ ಬಿತ್ತು.

ರಾಣಿಗೆ ಆಪರೇಷನ್ ಮಾಡಿಸೋಕೆ ಕರ್ಕೊಂಡು ಹೋದಾಗ ಪಶುವೈದ್ಯರು ಆ ಸೊಟ್ಟ ಕಾಲಿನ ಎಕ್ಸ್-ರೇ ತೆಗೆಸಿದ್ದರು. ತೊಡೆ ಮೂಳೆಯೇ. ಮುರಿದು, ಒಂದು ತುದಿ ಇನ್ನೊಂದರ ಮೇಲೆ ಕೂತು, ಹಾಗೇ ಕೂಡಿಬಿಟ್ಟಿತ್ತು. "ಹಳೇದು ಇದು. ಯಾರೂ ಕಟ್ಟು ಹಾಕಿಲ್ಲ, ತಾನೇ ವಾಸಿಯಾಗಿದೆ" ಅಂದಿದ್ದರು. ಹಾಗಾದ್ರೆ ಕಾಲು ಮುರಿದ ಪ್ರಾಣಿ ಉಳಿಯಲ್ಲ ಅನ್ನೋ ಮಾತು ಎಲ್ಲಿ ಹೋಯ್ತು? ಕಾಡಿನ ಪ್ರಾಣಿಗಳಲ್ಲೂ ಇದು ಅಪರೂಪ ಅಲ್ಲವಂತೆ. ಅಡಾಲ್ಫ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಕಾಡಿನ ಗಿಬ್ಬನ್‌ಗಳ ಅಸ್ಥಿಪಂಜರಗಳನ್ನ ಒಂದೊಂದಾಗಿ ನೋಡಿದಾಗ ಮುರಿದು ಕೂಡಿದ ಮೂಳೆಗಳು ಬೇಕಾದಷ್ಟು ಸಿಕ್ಕಿದವು. ಮರದಿಂದ ಮರಕ್ಕೆ ಹಾರೋ ಪ್ರಾಣಿ ಬೀಳುತ್ತೆ, ಮುರ್ಕೊಳುತ್ತೆ, ಎಷ್ಟೋ ಸಲ ಬದುಕಿಕೊಳ್ಳುತ್ತೆ. ಮೂಳೆ ಕೂಡೋದು ಮೂಳೆಯ ಕೆಲಸ. ಅದಕ್ಕೆ ನಾಗರಿಕತೆ ಬೇಕಿಲ್ಲ.

ಫಾರ್ವರ್ಡು ಕಳಿಸಿದ ಗ್ರೂಪಿಗೆ ಇದನ್ನೆಲ್ಲ ಬರೆದೆ. ನಮ್ಮ ರಾಣಿ ಯಾರ ಹಂಗೂ ಇಲ್ಲದೆ ತಾನೇ ವಾಸಿ ಮಾಡ್ಕೊಂಡಳು ಅಂತಲೂ ಸೇರಿಸಿದೆ. ಎರಡೇ ಹೃದಯ ಬಂತು.

ಆದ್ರೆ ಪ್ರಶ್ನೆ ಹೋಗಲಿಲ್ಲ. ಯಾರು ಕಾಯ್ದರು ಅನ್ನೋದನ್ನ ಇತಿಹಾಸದಲ್ಲಿ ಹುಡುಕೋದು ಹೇಗೆ?

ಅಷ್ಟರಲ್ಲಿ ತಿಪಟೂರಿನಿಂದ ಅಮ್ಮ ಬಂದಳು. ಅಮ್ಮನಿಗೂ ನಾಯಿಗೂ ಆಗಲ್ಲ. ನಾಯಿ ಅಂದ್ರೆ ಹಿತ್ತಲಲ್ಲಿರಬೇಕು, ಅಡುಗೆಮನೆ ಹೊಸಲು ದಾಟಬಾರದು ಅನ್ನೋ ಕಾಲದವಳು. ಬ್ಯಾಗಿನಲ್ಲಿ ಮಂಗರವಳ್ಳಿ ತಂದಿದ್ದಳು. ಹುಣಸೆಹಣ್ಣು ಹಾಕಿ ಹುರಿದು ಚಟ್ನಿ ಮಾಡಬೇಕು, ಇಲ್ಲದಿದ್ರೆ ಗಂಟಲು ಕೆರೆಯುತ್ತೆ. ಸಂಸ್ಕೃತದಲ್ಲಿ ಇದಕ್ಕೆ ಅಸ್ಥಿಶೃಂಖಲಾ ಅಂತ ಹೆಸರು, ಮೂಳೆಯ ಸರಪಳಿ. ಬಳ್ಳಿ ನೋಡೋಕೂ ಹಾಗೇ ಇದೆ, ಗಿಣ್ಣು ಗಿಣ್ಣು. "ತಾತನಿಗೆ ಇದೇ ಕೊಟ್ಟಿದ್ದು ಕಣೇ. ಪ್ಲೇಟೂ ಇಲ್ಲ, ಸ್ಕ್ರೂನೂ ಇಲ್ಲ" ಅಂದಳು.

ತಾತ ತೆಂಗಿನಮರದಿಂದ ಬಿದ್ದಾಗ ಕಾಲು ಕಟ್ಟಿದ್ದು ಪಕ್ಕದೂರಿನ ನಾಟಿ ವೈದ್ಯರು. ಬಿದಿರಿನ ದಬ್ಬೆ, ಬಟ್ಟೆ, ಯಾವುದೋ ಸೊಪ್ಪಿನ ರಸ, ಕೋಳಿಮೊಟ್ಟೆಯ ಬಿಳಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಇವತ್ತಿಗೂ "ಪುತ್ತೂರು ಕಟ್ಟು" ಅಂತ ಬೋರ್ಡು ಕಾಣುತ್ತಲ್ಲ, ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಅಲ್ಲೂ ಸಾಮಗ್ರಿ ಹೆಚ್ಚುಕಮ್ಮಿ ಇದೇ. ಮೊಟ್ಟೆಯ ಬಿಳಿ ಹಳ್ಳಿ ಮದ್ದು ಅಂತ ನಾನು ತಿಳಿದಿದ್ದೆ. ಆದ್ರೆ ಸಾವಿರ ವರ್ಷದ ಹಿಂದೆ ಸ್ಪೇನಿನ ಕಾರ್ಡೋಬಾದ ಹತ್ತಿರ ಇದ್ದ ಅಲ್-ಜಹ್ರಾವಿ ಅನ್ನೋ ಅರಬ್ ಶಸ್ತ್ರವೈದ್ಯ ಹಿಟ್ಟಿನ ಗಿರಣಿಯ ಧೂಳನ್ನ ಮೊಟ್ಟೆಯ ಬಿಳಿಯಲ್ಲಿ ಕಲಸಿ ಮುರಿದ ಮೂಳೆಗೆ ಪಟ್ಟು ಹಾಕೋದನ್ನ ಬರೆದಿದ್ದಾನೆ. ನೆಪೋಲಿಯನ್ನನ ಸೈನ್ಯದ ಸರ್ಜನ್ ಲಾರ್ರೆ ಕೂಡ ಬ್ಯಾಂಡೇಜು ಗಟ್ಟಿಯಾಗೋಕೆ ಮೊಟ್ಟೆಯ ಬಿಳಿ ಬಳಸಿದ. ಒಣಗಿದರೆ ಗಟ್ಟಿಯಾಗುತ್ತೆ, ಎಲ್ಲ ಕಡೆ ಸಿಗುತ್ತೆ, ಅಷ್ಟೇ ವಿಷಯ.

ಹಾಗಂತ ನಾಟಿ ಕಟ್ಟಿಗೆ ಹೋಗಿ ಅಂತ ನಾನು ಹೇಳಲ್ಲ. ತಾತನ ಕಾಲು ಕೂಡಿತು, ಆದರೆ ಒಂದು ಅಂಗುಲ ಗಿಡ್ಡ ಆಗಿ ಕೂಡಿತು. ಸಾಯೋವರೆಗೂ ಕುಂಟಿಕೊಂಡೇ ತೋಟಕ್ಕೆ ಹೋಗ್ತಿದ್ದರು.

ಈ ದಬ್ಬೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. ಸುಶ್ರುತ ಸಂಹಿತೆಯಲ್ಲಿ ಮುರಿದ ಮೂಳೆಗೇ ಒಂದು ಅಧ್ಯಾಯ ಇದೆ. ಮೂಳೆ ಮುರಿಯೋದರಲ್ಲಿ ಹನ್ನೆರಡು ಥರ, ಕೀಲು ತಪ್ಪೋದರಲ್ಲಿ ಆರು ಥರ ಅಂತ ವಿಂಗಡಣೆ. ಕಟ್ಟೋಕೆ ಹಿಪ್ಪೆ, ಅತ್ತಿ, ಅರಳಿ, ಮುತ್ತುಗದ ತೊಗಟೆ, ಬಿದಿರು. ಕಟ್ಟು ಸಡಿಲವಾದರೆ ಕೀಲು ನಿಲ್ಲಲ್ಲ, ಬಿಗಿಯಾದರೆ ಬಾವು, ನೋವು, ಕೀವು. ಎರಡೂ ಅಲ್ಲದ ಹಾಗೆ ಇರಬೇಕು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ ಕಟ್ಟು ಬದಲಿಸಬೇಕು, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ. ಕಾಲು, ತೊಡೆ ಮುರಿದವರಿಗೆ "ಕಪಾಟಶಯನ" ಅಂತ ಒಂದು ವ್ಯವಸ್ಥೆ: ಹಲಗೆಯ ಮೇಲೆ ಮಲಗಿಸಿ, ಕಾಲು ಅಲ್ಲಾಡದ ಹಾಗೆ ಐದು ಗೂಟ ಹೊಡೆದು ಕಟ್ಟೋದು.

ಓದುವಾಗ ನನ್ನ ತಲೆಗೆ ಬಂದಿದ್ದು ಒಂದೇ ಪ್ರಶ್ನೆ. ಹಲಗೆಗೆ ಕಟ್ಟಿ ಹಾಕಿದ ಆ ಮನುಷ್ಯನಿಗೆ ಊಟ ಮಾಡಿಸಿದವರು ಯಾರು? ಬಚ್ಚಲಿಗೆ ಹೋಗೋಕಾಗದವನನ್ನ ಶುಚಿ ಮಾಡಿದವರು ಯಾರು?

ಆಯುರ್ವೇದ ಇದನ್ನ ಪೂರ್ತಿ ಮರೆತಿಲ್ಲ. ಚಿಕಿತ್ಸೆಗೆ ನಾಲ್ಕು ಪಾದ ಅಂತ ಚರಕ, ಸುಶ್ರುತ ಇಬ್ಬರೂ ಹೇಳ್ತಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ನೋಡಿಕೊಳ್ಳೋರನ್ನ ಒಂದು ಕಾಲು ಅಂತ ಲೆಕ್ಕಕ್ಕೆ ಹಿಡಿದಿದ್ದಾರೆ. ನಾವು ಬಳಸೋ ಶುಶ್ರೂಷೆ ಅನ್ನೋ ಪದವನ್ನೇ ನೋಡಿ. ಅದರ ಮೂಲ ಅರ್ಥ "ಕೇಳಬೇಕೆಂಬ ಬಯಕೆ". ಶ್ರುತಿ, ಶ್ರವಣ, ಸುಶ್ರುತ ಎಲ್ಲ ಅದೇ ಧಾತು. ಪಕ್ಕದ ಕೋಣೆಯಿಂದ ಬರೋ ಸಣ್ಣ ನರಳಾಟಕ್ಕೆ ಕಿವಿ ಕೊಟ್ಟಿರೋದು ಅಂತ ನಾನು ಅರ್ಥ ಮಾಡ್ಕೊಂಡೆ. ರಾತ್ರಿ ಎರಡು ಗಂಟೆಗೆ ನಾನು ವಾಕರ್ ಎಳೆದ ಸದ್ದಾದ ಕೂಡಲೇ ಅಮ್ಮ ಎದ್ದು ಬರ್ತಿದ್ದಳು. ಅವಳಿಗಿಂತ ಮುಂಚೆ ರಾಣಿ ಬಂದಿರ್ತಿದ್ದಳು. ಗುಂಡ ಗೊರಕೆ ಹೊಡೀತಾ ಇರ್ತಿದ್ದ.

ದಿನ ಹೇಗೆ ಕಳೀತು ಅಂತ ಕೇಳಿದ್ರೆ ಹೇಳೋಕೆ ದೊಡ್ಡದೇನಿಲ್ಲ. ಎರಡು ಊರುಗೋಲು ಹಿಡಿದವರಿಗೆ ಟೀ ಲೋಟ ಹಿಡಿಯೋಕೆ ಕೈ ಇರಲ್ಲ. ಟೀ ಮಾಡಬಹುದು, ಸೋಫಾವರೆಗೆ ತರೋಕಾಗಲ್ಲ. ಅಡುಗೆಮನೆ ಕಟ್ಟೆಗೆ ಒರಗಿ ಒಂಟಿ ಕಾಲಲ್ಲಿ ಕೊಕ್ಕರೆ ಥರ ನಿಂತು ಕುಡೀಬೇಕು. ಮೀಟಿಂಗಿನಲ್ಲಿ "ನಾನು ಆರಾಮಾಗಿದ್ದೀನಿ" ಅಂತ ಹೇಳ್ತಾ, ಮೇಜಿನ ಕೆಳಗೆ ಸ್ನಾನದ ಮಣೆ ಮೇಲೆ ಕಾಲಿಟ್ಟಿರಬೇಕು. ನಾಯಿಗಳಿಗೆ ಇದ್ಯಾವುದೂ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಗುಂಡ ಚೈನು ಬಾಯಲ್ಲಿ ಕಚ್ಚಿಕೊಂಡು ಬಂದು ಮುಂದೆ ನಿಲ್ತಾನೆ. ಮೊದಲು ಯಾವಾಗಲೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದ ನಾನು, ಆ ಚೈನು ನೋಡಿ ಒಂದು ದಿನ ಅತ್ತುಬಿಟ್ಟೆ. ಅವತ್ತಿನಿಂದ ಗುಂಡನನ್ನ ಕೆಳಗೆ ಕರ್ಕೊಂಡು ಹೋಗಿದ್ದು ನಮ್ಮನೆ ಕೆಲಸಕ್ಕೆ ಬರೋ ಅಕ್ಕನ ಮಗ. ಸ್ಕೂಲಿಗೆ ಮುಂಚೆ ಅರ್ಧ ಗಂಟೆ. ದುಡ್ಡು ಕೊಡೋಕೆ ಹೋದ್ರೆ ಅವರಮ್ಮ ಬೇಡ ಅಂದರು. ಆಮೇಲೆ ಒಪ್ಪಿಸಿದೆ.

ಇತಿಹಾಸದ ಪುಸ್ತಕಗಳಲ್ಲಿ ಕಾಲು ಮುರಿದುಕೊಂಡ ದೊಡ್ಡವರು ಬೇಕಾದಷ್ಟು ಸಿಗ್ತಾರೆ. 16ನೇ ಶತಮಾನದ ಫ್ರೆಂಚ್ ಸರ್ಜನ್ ಆಂಬ್ರೋಸ್ ಪಾರೆಗೆ 1561ರಲ್ಲಿ ಕುದುರೆ ಒದ್ದು ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು, ಚರ್ಮ ಹರಿದು ಹೊರಬಂದವು. ಆ ಕಾಲದಲ್ಲಿ ಅಂಥ ಗಾಯಕ್ಕೆ ಕಾಲು ಕತ್ತರಿಸೋದೇ ವಾಡಿಕೆ. ಆತ ಕಾಲು ಉಳಿಸಿಕೊಂಡ, ಅನುಭವವನ್ನ ಬರೆದೂ ಇಟ್ಟ. ಇದೇ ಪಾರೆ ಯುವಕನಾಗಿದ್ದಾಗ ಟ್ಯೂರಿನ್ ಊರಿನ ಒಬ್ಬ ವೈದ್ಯನ ಹಿಂದೆ ಎರಡು ವರ್ಷ ಸುತ್ತಿ ಗುಂಡೇಟಿನ ಗಾಯಕ್ಕೆ ಹಚ್ಚೋ ಒಂದು ಗುಟ್ಟಿನ ಎಣ್ಣೆಯ ವಿಧಾನ ಕಲಿತಿದ್ದ. ಆಗಷ್ಟೇ ಹುಟ್ಟಿದ ಎರಡು ನಾಯಿಮರಿಗಳನ್ನ ಲಿಲ್ಲಿ ಹೂವಿನ ಎಣ್ಣೆಯಲ್ಲಿ ಕುದಿಸಿ, ಎರೆಹುಳು, ಟರ್ಪೆಂಟೈನ್ ಸೇರಿಸೋದು. ಇದನ್ನ ಓದಿದ ದಿನ ಗುಂಡನಿಗೆ ಎರಡು ಬಿಸ್ಕತ್ತು ಜಾಸ್ತಿ ಕೊಟ್ಟೆ.

ಇನ್ನೊಬ್ಬ ಲಂಡನ್ನಿನ ಪರ್ಸಿವಲ್ ಪಾಟ್. ನನ್ನಂಥ ಗಿಣ್ಣಿನ ಮುರಿತಕ್ಕೆ ವೈದ್ಯರು ಹಳೇ ಕಾಲದಿಂದ "ಪಾಟ್ಸ್ ಫ್ರ್ಯಾಕ್ಚರ್" ಅಂತಾರಲ್ಲ, ಅದೇ ಪಾಟ್. 1756ರ ಚಳಿಗಾಲದಲ್ಲಿ ಆತ ಕುದುರೆಯಿಂದ ಬಿದ್ದ. ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. (ಅವನ ಹೆಸರಿನ ಮುರಿತ ಅವನಿಗೆ ಆಗಿದ್ದಲ್ಲ.) ಆದ್ರೆ ಪಾಟ್ ಬುದ್ಧಿವಂತ. ಅಲ್ಲಾಡಿಸಿದರೆ ಕೆಡುತ್ತೆ ಅಂತ ಗೊತ್ತಿತ್ತು. ಕೊರೆಯೋ ನೆಲದ ಮೇಲೆ ಹಾಗೇ ಮಲಗಿಕೊಂಡು, ಒಂದು ಬಾಗಿಲು ಕೊಂಡು ತರಿಸಿದ. ಪಲ್ಲಕ್ಕಿ ಹೊರೋ ಇಬ್ಬರನ್ನ ಅವರ ಕೋಲುಗಳ ಸಮೇತ ಕರೆಸಿ, ಬಾಗಿಲಿಗೆ ಕೋಲು ಮೊಳೆ ಹೊಡೆಸಿ, ಅದರ ಮೇಲೆ ಮಲಗಿ ಮನೆಗೆ ಹೋದ. ಸರ್ಜನ್ನರು ಕಾಲು ಕತ್ತರಿಸೋದು ಅಂತ ತೀರ್ಮಾನ ಮಾಡಿದ್ದರು. ಕೊನೇ ಗಳಿಗೆಯಲ್ಲಿ ಅವನ ಗುರು ನೂರ್ಸ್ ಬಂದು, ಉಳಿಸಬಹುದು ಅಂದ. ಉಳೀತು. ಹಾಸಿಗೆ ಹಿಡಿದ ಆ ದಿನಗಳಲ್ಲೇ ಪಾಟ್ ಬರೆಯೋಕೆ ಶುರುಮಾಡಿದ. ಅದಾಗಿ ಹನ್ನೆರಡು ವರ್ಷಕ್ಕೆ, 1768ರಲ್ಲಿ, ಮುರಿದ ಮೂಳೆಗಳ ಬಗ್ಗೆ ಹೆಸರುವಾಸಿಯಾದ ಪುಸ್ತಕ ಬರೆದ.

ಅಳಿಯ ಬರೆದ ಜೀವನಚರಿತ್ರೆಯಿಂದ ಇಷ್ಟೆಲ್ಲ ಗೊತ್ತಾಗುತ್ತೆ. ಬಾಗಿಲು ಹೊತ್ತ ಇಬ್ಬರ ಹೆಸರು ಗೊತ್ತಾಗಲ್ಲ. ತಿಂಗಳುಗಟ್ಟಲೆ ಆ ಕೋಣೆಗೆ ಊಟ ಒಯ್ದವರು ಯಾರು ಅನ್ನೋದೂ ಗೊತ್ತಾಗಲ್ಲ.

ಇನ್ನೂ ಸುಮಾರು ನೂರು ವರ್ಷ, ಕಾಲು ಮುರಿದವರು ಹೀಗೇ ತಿಂಗಳುಗಟ್ಟಲೆ ಹಾಸಿಗೆಯಲ್ಲಿ. 1852ರಲ್ಲಿ ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಾಥೈಸೆನ್ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಒರಟು ಹತ್ತಿ ಬಟ್ಟೆಯ ಪಟ್ಟಿಗೆ ಜಿಪ್ಸಮ್ ಪುಡಿ ತಿಕ್ಕಿ ಇಟ್ಟುಕೊಳ್ಳೋದು, ಬೇಕಾದಾಗ ಒದ್ದೆ ಮಾಡಿ ಸುತ್ತೋದು. ನಿಮಿಷಗಳಲ್ಲಿ ಗಟ್ಟಿ. ಅಲ್ಲಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿ ಬಂತು. ರಷ್ಯಾದ ಸರ್ಜನ್ ಪಿರೊಗೋವ್ ಕ್ರಿಮಿಯಾ ಯುದ್ಧದಲ್ಲಿ ಪ್ಲಾಸ್ಟರ್ ಹಾಕಿಯೇ ಎಷ್ಟೋ ಸೈನಿಕರ ಕೈಕಾಲು ಉಳಿಸಿದ. 1895ರಲ್ಲಿ ರಾಂಟ್ಗೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಮೂಳೆಯನ್ನ ಚರ್ಮ ಬಿಚ್ಚದೆ ನೋಡೋ ಹಾಗಾಯ್ತು. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಸರ್ಜನ್ನರು ಗುಂಪು ಕಟ್ಟಿಕೊಂಡು ಪ್ಲೇಟು, ಸ್ಕ್ರೂಗಳಿಗೆ ಒಂದು ಕ್ರಮ ತಂದರು. ಮೂಳೆ ಬೇಗ ಗಟ್ಟಿ ಹಿಡಿಯಬೇಕು, ಕೀಲು ಬೇಗ ಅಲ್ಲಾಡಬೇಕು ಅನ್ನೋದು ಅವರ ಮಂತ್ರ. ನನ್ನ ಗಿಣ್ಣಿನಲ್ಲಿರೋದು ಆ ವಂಶದ್ದೇ. ತಾತ ಕುಂಟಿದರು, ನಾನು ಕುಂಟಲ್ಲ. ಇದು ಸಣ್ಣ ವಿಷಯ ಅಲ್ಲ.

ಆದರೂ, ಈ ಇಡೀ ಇತಿಹಾಸ ನಾಲ್ಕು ಪಾದಗಳಲ್ಲಿ ಒಂದು ಪಾದವನ್ನ ಎತ್ತಿಕೊಂಡೇ ಓಡುತ್ತೆ, ನಮ್ಮ ರಾಣಿ ಥರ.

ನಮ್ಮ ಕಡೆಯ ಇತಿಹಾಸವೂ ಬೇರೆ ಅಲ್ಲ. ಬೆಂಗಳೂರಿನಲ್ಲಿ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನ ಒಂದು ಕಲ್ಲಿನ ಬಗ್ಗೆ ನಿಮಗೆ ಗೊತ್ತಿರಬಹುದು. ಮದ್ದೂರು ತಾಲೂಕಿನ ಆತಕೂರಿನದು, ಹತ್ತನೇ ಶತಮಾನದ್ದು. 949ರ ಹೊತ್ತಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ನಡೀತು. ಚೋಳ ರಾಜಕುಮಾರ ರಾಜಾದಿತ್ಯ ಗಂಗ ಬೂತುಗನ ಕೈಯಲ್ಲಿ ಸತ್ತ. ಆ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಅನ್ನೋ ಹೆಸರಿನ ಬೇಟೆನಾಯಿಯನ್ನ. ಆಮೇಲೆ ಒಂದು ದಿನ ಬೆಳತೂರಿನ ಬೆಟ್ಟದ ಹತ್ತಿರ ದೊಡ್ಡ ಹಂದಿಯ ಮೇಲೆ ಕಾಳಿಯನ್ನ ಬಿಟ್ಟಾಗ, ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಮಣಲೇರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ. ಕಲ್ಲಿಗೆ ಪೂಜೆಯಾಗಲಿ ಅಂತ ಕೆರೆಯ ಕೆಳಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಅಂತಲೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಕಾದೋ ಚಿತ್ರ ಇವತ್ತಿಗೂ ಇದೆ.

ಕಾಲೇಜಿನಲ್ಲಿ ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ಬಂದಿತ್ತು. ಈಗ ಸೋಫಾ ಮೇಲೆ ಬಿದ್ದುಕೊಂಡು ಯೋಚಿಸುವಾಗ ಬೇರೆ ಅನಿಸ್ತು. ಕರ್ನಾಟಕದಲ್ಲಿ ಸಾವಿರಾರು ವೀರಗಲ್ಲುಗಳಿವೆ. ತುರು ಕಾದು ಸತ್ತವರದು, ಊರು ಉಳಿಸೋಕೆ ಸತ್ತವರದು, ಹುಲಿ, ಹಂದಿ ಜೊತೆ ಹೋರಾಡಿ ಸತ್ತವರದು. ಎಲ್ಲ ಸತ್ತವರದ್ದೇ. ಕಾಳಿ ಅವತ್ತು ಕಾಲು ಮುರಿದುಕೊಂಡು ಬದುಕಿದ್ದಿದ್ರೆ? ಮಣಲೇರನ ಮನೆಯ ಮೂಲೆಯಲ್ಲಿ ಮಲಗಿಸಿ ಯಾರೋ ಅಂಬಲಿ ಕುಡಿಸಿ ಆರು ತಿಂಗಳು ನೋಡಿಕೊಂಡಿದ್ದಿದ್ರೆ? ಕಲ್ಲು ಇರ್ತಿರಲಿಲ್ಲ. ನಮಗೆ ಕಾಳಿ ಅನ್ನೋ ಹೆಸರೇ ಗೊತ್ತಾಗ್ತಿರಲಿಲ್ಲ. ಬದುಕಿಸಿದ್ದಕ್ಕೆ ನಾವು ಕಲ್ಲು ನೆಡಲ್ಲ.

ಹಾಗಾದ್ರೆ ನೋಡಿಕೊಂಡಿದ್ದಕ್ಕೆ ಪುರಾವೆಯೇ ಇಲ್ವಾ? ಇದೆ ಅಂತ ಗೊತ್ತಾಗಿದ್ದು ಐದನೇ ವಾರದಲ್ಲಿ.

ಮೊದಲು ಸಿಕ್ಕಿದ್ದು ಇರಾಕಿನ ಶಾನಿದಾರ್ ಗುಹೆ. 1957ರಲ್ಲಿ ರಾಲ್ಫ್ ಸೊಲೆಕಿ ಅಲ್ಲಿ ಒಬ್ಬ ನಿಯಾಂಡರ್ತಲ್ ಗಂಡಸಿನ ಅಸ್ಥಿಪಂಜರ ತೆಗೆದ. ನಲವತ್ತು ಸಾವಿರ ವರ್ಷಕ್ಕೂ ಹಳೇದು. ಎಡಗಣ್ಣಿನ ಸುತ್ತ ಏಟು ಬಿದ್ದು ವಾಸಿಯಾದ ಗುರುತು, ಬಲಗೈ ಮೊಣಕೈ ಹತ್ತಿರಕ್ಕೇ ಮುಗಿದಿದೆ, ಕಾಲು ಕುಂಟು. ಇಷ್ಟಾಗಿಯೂ ಆತ ಅವರ ಲೆಕ್ಕದಲ್ಲಿ ಮುದುಕ ಆಗೋವರೆಗೆ ಬದುಕಿದ್ದ. ಗುಂಪು ಸಾಕಿದೆ ಅಂತ ತುಂಬಾ ಜನ ವಿದ್ವಾಂಸರು ಹೇಳ್ತಾರೆ. ರಾಣಿಯನ್ನ ತೋರಿಸಿ ಇಲ್ಲ, ತಾನೇ ಬದುಕಿರಬಹುದು ಅಂತಲೂ ವಾದ ಮಾಡಬಹುದು.

ಆದ್ರೆ ಎರಡನೆಯದಕ್ಕೆ ವಾದ ಕಷ್ಟ. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಕಲ್ಲುಗಣಿ ಕೆಲಸದವರಿಗೆ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಯ ಎಲುಬು. ಮನುಷ್ಯರ ಜೊತೆ ಹೂತ ನಾಯಿಗಳಲ್ಲಿ ನಮಗೆ ಗೊತ್ತಿರೋ ಅತಿ ಹಳೆಯವುಗಳಲ್ಲಿ ಇದೂ ಒಂದು. 2018ರಲ್ಲಿ ಒಬ್ಬ ಪಶುವೈದ್ಯ ಸಂಶೋಧಕ ಮತ್ತವರ ಜೊತೆಯವರು ಆ ನಾಯಿಯ ಹಲ್ಲುಗಳ ಬಗ್ಗೆ ಪ್ರಕಟಿಸಿದರು. ಅದು ಏಳು ತಿಂಗಳ ಮರಿ. ಹಲ್ಲಿನ ಎನಾಮೆಲ್ ಮೇಲೆ ಡಿಸ್ಟೆಂಪರ್ ರೋಗ ಬಂದಾಗ ಆಗೋ ಗೆರೆಗಳು. ನಾಲ್ಕೈದು ತಿಂಗಳ ಮರಿಯಾಗಿದ್ದಾಗ ಮೂರು ಸಲ ಜೋರಾಗಿ ಕಾಯಿಲೆ ಬಿದ್ದಿದೆ.

ನಾಯಿ ಸಾಕಿದವರಿಗೆ ಡಿಸ್ಟೆಂಪರ್ ಅಂದ್ರೇನು ಗೊತ್ತು. ಜ್ವರ, ವಾಂತಿ, ಭೇದಿ, ಆಮೇಲೆ ಫಿಟ್ಸು. ಮರಿಗಳು ಬದುಕೋದೇ ಅಪರೂಪ. ಈ ಮರಿ ಎಂಟು ವಾರದ ಹತ್ತಿರ ಬದುಕಿದೆ. ಯಾರೋ ಒರೆಸಿ, ಬೆಚ್ಚಗಿಟ್ಟು, ನೀರು ಕುಡಿಸದೆ ಅದು ಸಾಧ್ಯವೇ ಇಲ್ಲ ಅಂತ ಸಂಶೋಧಕರು ಹೇಳ್ತಾರೆ. ಅದೂ ಆ ಮರಿಯಿಂದ ಏನೂ ಉಪಯೋಗ ಇಲ್ಲದಾಗ. ಬೇಟೆಗೆ ಬರಲ್ಲ, ಕಾವಲಿಗೆ ಬರಲ್ಲ. ಕಾಳಿಯ ಹಾಗೆ ಹಂದಿ ಹೊಡೆದು ಶಾಸನ ಬರೆಸಿಕೊಳ್ಳೋ ನಾಯಿ ಅಲ್ಲ ಅದು. ಕಾಯಿಲೆ ಮರಿ.

ಆ ಎಲುಬುಗಳು ಬಾನ್ ಮ್ಯೂಸಿಯಂನಲ್ಲಿವೆ. ಅಣ್ಣ ಇರೋ ಕಲೋನ್‌ನಿಂದ ರೈಲಲ್ಲಿ ಅರ್ಧ ಗಂಟೆ. ಹೋಗಿ ನೋಡ್ಕೊಂಡು ಬಾರೋ ಅಂದೆ. ವೀಡಿಯೋ ಕಾಲಿನಲ್ಲಿ ಗುಂಡನ ಮುಖ ನೋಡ್ತಾ, "ಮುಂದಿನ ವಾರ ಹೋಗ್ತೀನಿ, ಅವನಿಗೆ ಗಂಟು ನೋವಿನ ಮಾತ್ರೆ ಕೊಟ್ಟೆಯಾ?" ಅಂದ. ಅಮ್ಮ ಹಿಂದಿನಿಂದ "ಬೆಳಿಗ್ಗೆಯೇ ಕೊಟ್ಟಾಯ್ತು, ಬೆಣ್ಣೆಯಲ್ಲಿ ಸುತ್ತಿ" ಅಂದಳು. ಬೆಣ್ಣೆ ಅಡುಗೆಮನೆಯಲ್ಲಿರೋದು. ಗುಂಡ ಮಲಗಿದ್ದೂ ಅಲ್ಲೇ. ನಾವಿಬ್ಬರೂ ಏನೂ ಕೇಳಲಿಲ್ಲ.

ಏಳನೇ ವಾರ ಡಾಕ್ಟರು ಕಾಲಿಗೊಂದು ದಪ್ಪ ಬೂಟು ಹಾಕಿ ನಡೀರಿ ಅಂದರು. ಮೆಟ್ಟಿಲಿಳಿಯೋಕೆ ಹದಿನೈದು ನಿಮಿಷ ಆಯ್ತು. ಬೀದಿ ತುದಿಯ ಟೀ ಅಂಗಡಿವರೆಗೆ ಹೋದೆ, ರಾಣಿ ಪಕ್ಕದಲ್ಲಿ. ಇಬ್ಬರ ನಡಿಗೆಯೂ ಒಂದೇ ಥರ ಆಗಿತ್ತು. ಅಂಗಡಿಯವರು ನೋಡಿ ನಕ್ಕರು.

"ಮೇಡಂಗೂ ರಾಣಿ ಥರಾನೇ ಆಯ್ತಲ್ಲ. ಅದೂ ಹಿಂಗೇ, ಆಟೋ ಗುದ್ದಿ ಒಂದು ತಿಂಗಳು ಎದ್ದಿರಲಿಲ್ಲ."

"ಹೌದಾ ಅಣ್ಣ? ನೀವು ನೋಡಿದ್ರಾ?"

"ಅಯ್ಯೋ, ಇಲ್ಲೇ ಟೆಂಪೋ ಕೆಳಗೇ ಇತ್ತಲ್ಲ. ನಮ್ಮ ಮನೇವ್ರು ದಿನಾ ಹಾಲು, ಬನ್ನು ಇಡೋರು. ಮಳೆ ಬಂದ್ರೆ ಟಾರ್ಪಲ್ ಕಟ್ಟೋರು. ಟೆಂಪೋ ಓನರ್ ಜೊತೆ ಜಗಳಾನೇ ಆಯ್ತು, ಗಾಡಿ ತೆಗೀಬೇಡ ಅಂತ."

ಅಂಗಡಿ ಹಿಂದೆ ಲೋಟ ತೊಳೀತಿದ್ದ ಹೆಂಗಸು ತಲೆ ಎತ್ತಿ ನೋಡಿದರು. ಮೂರು ವರ್ಷದಿಂದ ಅಲ್ಲಿ ಟೀ ಕುಡೀತಿದ್ದೀನಿ, ಅವರ ಜೊತೆ ಮಾತಾಡಿದ್ದು ಅವತ್ತೇ ಮೊದಲು. ರಾಣಿ ಆಗಲೇ ನನ್ನ ಬಿಟ್ಟು ಅವರ ಹತ್ತಿರ ಹೋಗಿ, ಒದ್ದೆ ಕೈಯನ್ನ ಮೂಸುತ್ತಾ ನಿಂತಿದ್ದಳು.

ಮನೆಗೆ ಬಂದು ಆಫೀಸಿನ ಗ್ರೂಪಿನಲ್ಲಿ ನಾನು ಬರೆದಿದ್ದನ್ನ ತಿದ್ದಿದೆ. ರಾಣಿ ತಾನೇ ವಾಸಿ ಮಾಡ್ಕೊಂಡಿದ್ದಲ್ಲ. ಎಕ್ಸ್-ರೇಯಲ್ಲಿ ಟಾರ್ಪಲ್ ಕಾಣೋದಿಲ್ಲ, ಅಷ್ಟೇ.